ಕಾರ್ಗಿಲ್ ದಿನ, ಕಾಕಾ ಮತ್ತು ಹಳೇ ಸ್ಯಾಂಟ್ರೋ

ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಯಾಗಲಿ, ಹದಿನೈದು ದಾಟಿದ ಪೆಟ್ರೋಲ್ ಗಾಡಿಯಾಗಲಿ ರಸ್ತೆಗೆ ಇಳಿಯುವ ಹಾಗಿರಲಿಲ್ಲ. 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಊರಿನವರಿಗೆ ಹೇಳಿದರೆ ಅರ್ಧ ಜನ ನಂಬೋದಿಲ್ಲ. ನನ್ನ ಡೀಸೆಲ್ ಕಾರಿಗೆ 2023ರಲ್ಲಿ ಹತ್ತು ತುಂಬಿತು, ಎನ್‌ಒಸಿ ತೆಗೆದುಕೊಂಡು ದಾವಣಗೆರೆಯಲ್ಲಿರುವ ಅಣ್ಣನಿಗೆ ಕೊಟ್ಟೆ. ಅದೇ ಕಾರು, ಅದೇ ಎಂಜಿನ್, ಅಲ್ಲಿ ಆರಾಮಾಗಿ ಓಡಾಡುತ್ತಿದೆ. ಅಲ್ಲಿ ಹದಿನೈದು ವರ್ಷದವರೆಗೆ ಯಾರೂ ಏನೂ ಕೇಳೋದಿಲ್ಲ, ಆಮೇಲೂ ಎಫ್‌ಸಿ ಮಾಡಿಸಿ, ಹಸಿರು ತೆರಿಗೆ ಕಟ್ಟಿದರೆ ಮತ್ತೆ ಐದು ವರ್ಷ ಸಿಗುತ್ತೆ. ದೆಹಲಿಯಲ್ಲಿ ಹೊಗೆ ಬಿಡುವ ಕಾರು ದಾವಣಗೆರೆಯಲ್ಲಿ ಗಂಧದ ಕಡ್ಡಿ ಹಚ್ಚುತ್ತಾ? ಇದನ್ನು ಕೇಳಿದರೆ ಇಲ್ಲಿ ಯಾರ ಹತ್ತಿರವೂ ಉತ್ತರ ಇಲ್ಲ.

ಆದರೆ ನಾನು ಬರೆಯಬೇಕು ಅಂತ ಕೂತಿದ್ದು ನನ್ನ ಕಾರಿನ ಬಗ್ಗೆ ಅಲ್ಲ, ನಮ್ಮ ಸೊಸೈಟಿಯ ಕಾಕಾ ಬಗ್ಗೆ. ಗದಗ ಜಿಲ್ಲೆಯವರು, ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಸಿಪಾಯಿಯಾಗಿ ಸೇರಿ ಸುಬೇದಾರ್ ಆಗಿ ನಿವೃತ್ತರಾದವರು. ದೆಹಲಿಯ ದ್ವಾರಕಾದಲ್ಲಿರುವ ಈ ಹೌಸಿಂಗ್ ಸೊಸೈಟಿಯಲ್ಲಿ ಎಲ್ಲರೂ ಅವರನ್ನು ಸುಬೇದಾರ್ ಸಾಬ್ ಅಂತಾರೆ. ನಾನು ಮೊದಲ ಸಲ ಹಾಗೆ ಕರೆದಾಗ, "ಕನ್ನಡ ಮಾತಾಡಾವ ಒಬ್ಬ ಸಿಕ್ಕೀದಿ, ನೀನೂ ಸಾಬ್ ಅಂತೀ ಏನ್" ಅಂದಿದ್ದರು. ಅಲ್ಲಿಂದ ಕಾಕಾ, ಅವರ ಹೆಂಡತಿ ಕಾಕು.

ಕಾಕಾ ಹತ್ತಿರ 2007ರ ಸ್ಯಾಂಟ್ರೋ ಇತ್ತು. ಪೆಟ್ರೋಲ್. ಓಡಿದ್ದು ಅರವತ್ತು ಸಾವಿರ ಕಿಲೋಮೀಟರೂ ಇಲ್ಲ, ಯಾಕೆಂದರೆ ಕೊಂಡ ಮೇಲೆ ಕಾಕಾ ಹೆಚ್ಚು ಕಾಲ ಎಲ್ಲೆಲ್ಲೋ ಪೋಸ್ಟಿಂಗ್‌ನಲ್ಲಿದ್ದರು, ಕಾಕುಗೆ ಓಡಿಸೋಕೆ ಬರಲ್ಲ, ಕಾರು ಕವರ್ ಹೊದ್ದು ಮಲಗಿತ್ತು. ನಿವೃತ್ತಿ ಆದ ಮೇಲೆ ಅದರ ಕೆಲಸ ಎರಡೇ, ಕಂಟೋನ್ಮೆಂಟಿನ ಕ್ಯಾಂಟೀನ್‌ನಿಂದ ತಿಂಗಳ ಸಾಮಾನು ತರೋದು, ಕಾಕುನ ಮಂಡಿನೋವಿಗೆ ಮಾಜಿ ಸೈನಿಕರ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗೆ ಕರೆದುಕೊಂಡು ಹೋಗೋದು. 2022ರಲ್ಲಿ ಅದಕ್ಕೆ ಹದಿನೈದು ತುಂಬಿತು. ಕಾಗದದ ಮೇಲೆ ಅಲ್ಲಿಗೆ ಮುಗಿಯಿತು. ಆದರೂ ಕಾಕಾ ಬೆಳಗಿನ ಜಾವ ಸುಮ್ನೆ ತೆಗೆದುಕೊಂಡು ಹೋಗಿ ಬರುತ್ತಿದ್ದರು. ಅದು ಸರಿ ಅಂತ ನಾನೂ ಹೇಳಲ್ಲ. ನೋಂದಣಿ ಇಲ್ಲದ ಗಾಡಿ ಯಾರಿಗಾದರೂ ತಗುಲಿದರೆ ಇನ್ಶೂರೆನ್ಸ್‌ನವರು ತಿರುಗಿಯೂ ನೋಡಲ್ಲ ಅಂತ ಅವರಿಗೇ ಹೇಳಿದ್ದೆ.

2025ರ ಜುಲೈ 1ರಂದು ಆಟ ಬದಲಾಯಿತು. ಅವತ್ತಿಂದ ವಯಸ್ಸು ಮೀರಿದ ಗಾಡಿಗಳಿಗೆ ಪಂಪ್‌ನಲ್ಲಿ ಎಣ್ಣೆ ಹಾಕಬಾರದು ಅಂತ ವಾಯು ಗುಣಮಟ್ಟ ಆಯೋಗದ ಆದೇಶ. ಪಂಪ್‌ಗಳಲ್ಲಿ ಕ್ಯಾಮೆರಾ ಕೂರಿಸಿದ್ದರು, ಅದು ನಂಬರ್ ಪ್ಲೇಟ್ ಓದಿ, ವಾಹನ್ ದಾಖಲೆಯಲ್ಲಿ ಹುಡುಕಿ, ವಯಸ್ಸಾಗಿದ್ದರೆ ಸ್ಪೀಕರ್‌ನಲ್ಲಿ ಕೂಗುತ್ತೆ. ಪಕ್ಕದಲ್ಲೇ ಪೊಲೀಸರು. ಸಿಕ್ಕಿಬಿದ್ದರೆ ಕಾರಿಗೆ ಹತ್ತು ಸಾವಿರ ದಂಡ, ದ್ವಿಚಕ್ರಕ್ಕೆ ಐದು ಸಾವಿರ, ಗಾಡಿಯೂ ಹೋಯಿತು. ಕಾಕಾ ಪೇಪರ್ ಓದೋರಲ್ಲ. ಹೋದರು. ಸ್ಪೀಕರ್ ಕೂಗಿತು. ಅಲ್ಲಿದ್ದ ಹುಡುಗ ಪೊಲೀಸಿನವನಿಗೆ ಇವರು ಫೌಜಿ ಅಂತ ಹೇಗೋ ಗೊತ್ತಾಗಿ, ಬೇಗ ಹೊರಡಿ ಅಂಕಲ್ ಅಂತ ಕೈ ಬೀಸಿ ಕಳಿಸಿದನಂತೆ. ಬಿಟ್ಟಿದ್ದಕ್ಕೆ ಕಾಕಾಗೆ ಖುಷಿ ಆಗಲಿಲ್ಲ. "ಎಲ್ಲಾರ ಮುಂದ ಕಳ್ಳನ್ನ ಹಿಡದಾಂಗ ಒದರ್ತಪಾ ಅದು," ಅಂತ ಒಂದು ವಾರ ಅದನ್ನೇ ಹೇಳಿದರು.

ಜನ ಎಷ್ಟು ಗಲಾಟೆ ಮಾಡಿದರೆಂದರೆ ಮೂರನೇ ದಿನವೇ ದೆಹಲಿ ಸರ್ಕಾರ, ಇದು ಈಗ ಆಗೋ ಮಾತಲ್ಲ, ಕ್ಯಾಮೆರಾಗಳೂ ಸರಿಯಿಲ್ಲ ಅಂತ ಆಯೋಗಕ್ಕೆ ಬರೆಯಿತು. ಜುಲೈ 8ಕ್ಕೆ ಆಯೋಗ ಅದನ್ನು ನವೆಂಬರ್ 1ಕ್ಕೆ ಮುಂದೂಡಿತು. ಕರ್ನಾಟಕದಲ್ಲಿ ಎಚ್‌ಎಸ್‌ಆರ್‌ಪಿ ಪ್ಲೇಟಿನ ಗಡುವು 2023ರ ನವೆಂಬರ್‌ನಿಂದ ಹಿಂದೆ ಹಿಂದೆ ಹೋಗುತ್ತಲೇ ಇತ್ತಲ್ಲ, ಅದನ್ನು ಕಂಡವರಿಗೆ ಈ ನಾಟಕ ಹೊಸದಲ್ಲ.

ಇಷ್ಟರ ನಡುವೆ ಜುಲೈ 26 ಬಂತು. ಶನಿವಾರ. ಕಾರ್ಗಿಲ್ ವಿಜಯ ದಿವಸ. ಕಾಕಾ ಯುದ್ಧ ಸ್ಮಾರಕಕ್ಕೆ ಹೊರಟರು, ನಾನೂ ಜೊತೆಗೆ ಹೊರಟೆ. ಮುಂಚೆಯೆಲ್ಲ ಸ್ಯಾಂಟ್ರೋದಲ್ಲಿ ಹೋಗುತ್ತಿದ್ದರು, ಈ ಸಲ ಮೆಟ್ರೋ. ಬ್ಲೂ ಲೈನ್‌ನಲ್ಲಿ ಹೋಗಿ ನಾವು ಇಳಿದ ಸ್ಟೇಷನ್ನಿನ ಹೆಸರೇ ಸುಪ್ರೀಂ ಕೋರ್ಟ್. ಮೊದಲು ಪ್ರಗತಿ ಮೈದಾನ ಅಂತಿತ್ತು. ಕಾಕಾ ಬೋರ್ಡ್ ನೋಡಿ ನಿಂತುಬಿಟ್ಟರು. "ಹೆಂಗೂ ಬಂದೇವಿ, ಜಡ್ಜ್ ಸಾಹೇಬ್ರಿಗೆ ಎರಡು ಮಾತು ಹೇಳೇ ಹೋಗೂಣೇನು?" ಅಂದರು. ಶನಿವಾರ ಕಾಕಾ, ಮನೇಲಿರ್ತಾರೆ ಅಂದೆ. ಅಲ್ಲಿಂದ ಆಟೋ ಹಿಡಿದೆವು.

ರಾಷ್ಟ್ರೀಯ ಯುದ್ಧ ಸ್ಮಾರಕವನ್ನು ಇಂಡಿಯಾ ಗೇಟ್ ನೋಡೋಕೆ ಬಂದವರು ಎಷ್ಟೋ ಜನ ಗಮನಿಸದೇ ಹೋಗುತ್ತಾರೆ, ಏಕೆಂದರೆ ಅದು ಎದ್ದು ನಿಂತ ಕಟ್ಟಡ ಅಲ್ಲ. ನೆಲಮಟ್ಟದಿಂದ ಕೆಳಗೆ ಇಳಿದಿದೆ. 2019ರ ಫೆಬ್ರುವರಿ 25ಕ್ಕೆ ಉದ್ಘಾಟನೆ ಆಯಿತು. ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷ ದಾಟುವವರೆಗೆ ನಮಗೆ ಅಂಥದ್ದೊಂದು ಜಾಗ ಇರಲಿಲ್ಲ ಅನ್ನೋದು ಯೋಚಿಸಿದರೆ ವಿಚಿತ್ರ. ಇಂಡಿಯಾ ಗೇಟ್ ಮೇಲೆ ಇರೋದು ಬ್ರಿಟಿಷರ ಕಾಲದ ಯುದ್ಧಗಳಲ್ಲಿ ಸತ್ತವರ ಹೆಸರು. ಇಲ್ಲಿ ಒಂದರೊಳಗೊಂದು ನಾಲ್ಕು ಚಕ್ರ. ನಡುವೆ ಜ್ಯೋತಿ ಇರುವ ಅಮರ ಚಕ್ರ, ಆಮೇಲೆ ಕಂಚಿನ ಫಲಕಗಳ ವೀರತಾ ಚಕ್ರ, ಆಮೇಲೆ ಹೆಸರುಗಳ ತ್ಯಾಗ ಚಕ್ರ, ಹೊರಗೆ ಮರಗಳ ರಕ್ಷಕ ಚಕ್ರ. ಶುರುವಿನಲ್ಲಿ 25,942 ಹೆಸರುಗಳಿದ್ದವು. ಒಬ್ಬೊಬ್ಬರಿಗೂ ಒಂದೊಂದು ಗ್ರಾನೈಟ್ ಕಲ್ಲು, ಅದರ ಮೇಲೆ ಬಂಗಾರದ ಬಣ್ಣದ ಅಕ್ಷರ.

ಅವತ್ತು ಜಾತ್ರೆಯಂತೆ ಜನ. ಶಾಲೆ ಮಕ್ಕಳು, ಬಾವುಟ, ಮೈಕ್ ಹಿಡಿದವರು. 1999ರಲ್ಲಿ ಕಾರ್ಗಿಲ್‌ನಲ್ಲಿ ಸತ್ತವರು 527 ಮಂದಿ, ಎಲ್ಲರೂ ಅವರ ಹೆಸರೇ ಹುಡುಕುತ್ತಿದ್ದರು. ಕಾಕಾ ಮಾತ್ರ ಬೇರೆ ಕಡೆ ನಡೆದರು. ಹೆಸರು ಹುಡುಕೋಕೆ ಅಲ್ಲಿ ಪರದೆಗಳಿವೆ, ಅವರಿಗೆ ಅದು ಬೇಕಾಗಿರಲಿಲ್ಲ. ಸೀದಾ ಒಂದು ಗೋಡೆಗೆ ಹೋಗಿ ನಿಂತರು. ಶ್ರೀಲಂಕಾ. 1987ರ ಜುಲೈನಲ್ಲಿ ಒಪ್ಪಂದ ಆಗಿ ನಮ್ಮ ಸೇನೆ ಹೋಯಿತು, ಅಕ್ಟೋಬರ್‌ನಲ್ಲಿ ಜಾಫ್ನಾದಲ್ಲಿ ಗುಂಡಿನ ಮಳೆ ಶುರುವಾಯಿತು, 1990ರಲ್ಲಿ ಕೊನೆಯವರು ವಾಪಸ್ ಬರುವಷ್ಟರಲ್ಲಿ ಸಾವಿರಕ್ಕೂ ಜಾಸ್ತಿ ಜನ ಹೋಗಿದ್ದರು. ಕಾರ್ಗಿಲ್‌ಗಿಂತ ಹೆಚ್ಚೂಕಡಿಮೆ ಎರಡು ಪಟ್ಟು. ಅದಕ್ಕೊಂದು ವಿಜಯ ದಿವಸ ಇಲ್ಲ, ಗೆದ್ದರೆ ತಾನೇ. ದೆಹಲಿಯಲ್ಲಿ ಅವರ ಹೆಸರು ಕಲ್ಲಿಗೆ ಏರುವ ಎಷ್ಟೋ ವರ್ಷ ಮೊದಲೇ ಕೊಲಂಬೊದಲ್ಲಿ ಶ್ರೀಲಂಕಾದವರು ಅವರಿಗೊಂದು ಸ್ಮಾರಕ ಕಟ್ಟಿದ್ದರು. ಕಾಕಾ ಆಗ ಹೊಸ ಸಿಪಾಯಿ, ಮೀಸೆ ಸರಿಯಾಗಿ ಬಂದಿರಲಿಲ್ಲವಂತೆ.

ಒಂದು ಹೆಸರಿನ ಮೇಲೆ ಬೆರಳಿಟ್ಟು, "ಇವಾ ಅಥಣಿ ಕಡಿಯಾಂವ. ನನ್ನ ಬೂಟು ಹಾಕ್ಕೊಂಡು ಹೋಗಿದ್ದ," ಅಂದರು. ಅಳ್ತಾರೇನೋ ಅಂದುಕೊಂಡೆ, ಇಲ್ಲ. ಬೂಟಿನ ಅಳತೆ ಇಬ್ಬರದ್ದೂ ಒಂದೇ, ಅವನದ್ದು ನೆನೆದಿತ್ತು, ಗಸ್ತಿಗೆ ಹೋಗೋ ಪಾಳಿ ಅವನದ್ದು, ಅಷ್ಟೇ. ಮುಂದೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಅದೇ ಸಾಲಿನ ಇನ್ನಷ್ಟು ಹೆಸರುಗಳನ್ನು ಹಾಜರಿ ಕರೆದ ಹಾಗೆ ಓದುತ್ತಾ ಹೋದರು, ಊರಿನ ಹೆಸರು ಸೇರಿಸಿ. ಊರು ಕಲ್ಲಿನ ಮೇಲೆ ಇಲ್ಲ, ಅವರ ತಲೆಯಲ್ಲಿದೆ. ಹಿಂದಿನಿಂದ ಒಂದು ಕುಟುಂಬ ಬಂದು ಕಾರ್ಗಿಲ್‌ನವರು ಎಲ್ಲಿ ಅಂತ ಕೇಳಿತು. ಕಾಕಾ ತಾವೇ ಕರೆದುಕೊಂಡು ಹೋಗಿ ತೋರಿಸಿ ಬಂದರು.

ಅಲ್ಲೇ ಹುಲ್ಲಿನ ಹತ್ತಿರ ಕೂತಾಗ ಹನುಮಂತಪ್ಪ ಕೊಪ್ಪದ ಅವರ ನೆನಪು ಬಂತು. ಕುಂದಗೋಳ ತಾಲ್ಲೂಕಿನ ಬೆಟದೂರಿನವರು, 19 ಮದ್ರಾಸ್ ಪಲ್ಟನ್‌ನ ಸೈನಿಕ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಪೋಸ್ಟಿನ ಮೇಲೆ ಹಿಮ ಕುಸಿದು ಹತ್ತು ಜನ ಹೂತುಹೋದರು, ಆರು ದಿನದ ಮೇಲೆ ಇವರು ಒಬ್ಬರೇ ಉಸಿರಿರುವಾಗ ಸಿಕ್ಕರು. ದೆಹಲಿಯ ಸೇನಾ ಆಸ್ಪತ್ರೆಗೆ ತಂದರು, 11ನೇ ತಾರೀಖು ತೀರಿಕೊಂಡರು. ಆ ದಿನಗಳಲ್ಲಿ ಇಲ್ಲಿನ ಕನ್ನಡದವರೆಲ್ಲ ಫೋನಿಗೆ ಅಂಟಿಕೊಂಡಿದ್ದೆವು. ಕಾಕಾ ಅದೇ ಸ್ಯಾಂಟ್ರೋ ತೆಗೆದುಕೊಂಡು ಆಸ್ಪತ್ರೆಯ ಗೇಟಿನವರೆಗೆ ಹೋಗಿ, ಒಳಗೆ ಬಿಡದೆ, ವಾಪಸ್ ಬಂದಿದ್ದರು. ಯಾಕೆ ಹೋದಿರಿ ಅಂತ ಕಾಕು ಬೈದಿದ್ದು ನನಗೆ ನೆನಪಿದೆ.

ಸಂಜೆ ಸೊಸೈಟಿಯಲ್ಲಿ ಮೀಟಿಂಗ್ ಇತ್ತು. ವಿಷಯ ಹಳೇ ಗಾಡಿ. ದೆಹಲಿ ಸರ್ಕಾರವೇ 2018ರ ಆದೇಶ ಮತ್ತೆ ನೋಡಿ ಅಂತ ಸುಪ್ರೀಂ ಕೋರ್ಟಿಗೆ ಹೋದ ಸುದ್ದಿ ಆಗ ಓಡಾಡುತ್ತಿತ್ತು, ನಾವೂ ಒಂದು ಅರ್ಜಿ ಕೊಡೋಣ ಅಂತ ಎಲ್ಲರ ಉತ್ಸಾಹ. ಕಾರ್ಯದರ್ಶಿ ಅರ್ಜಿ ಬರೆದೇ ತಂದಿದ್ದರು, ಹಿಂದಿಯಲ್ಲಿ, ಓದಿದರೆ ಭಾಷಣ. ದೇಶಕ್ಕಾಗಿ ರಕ್ತ ಹರಿಸಿದವರಿಗೆ ಇಂಥ ಅವಮಾನ, ಹುತಾತ್ಮರ ಆತ್ಮ ಏನೆನ್ನಬೇಕು, ಹೀಗೆಲ್ಲ. ಅವರ ಯೋಜನೆ ಏನೆಂದರೆ ಕಾಕಾ ಮೆಡಲ್ ಹಾಕಿಕೊಂಡು ಸ್ಯಾಂಟ್ರೋ ಪಕ್ಕ ನಿಲ್ಲಬೇಕು, ಫೋಟೋ ತೆಗೆದು ಚಾನೆಲ್‌ಗೆ ಕಳಿಸಬೇಕು, ಅದೂ ಕಾರ್ಗಿಲ್ ದಿನವೇ. ಫೌಜಿ ಹೇಳಿದರೆ ಸರ್ಕಾರ ನಡುಗುತ್ತೆ ಅಂತ. ನಿಜ ಹೇಳಬೇಕೆಂದರೆ ಅದು ಕೆಲಸ ಮಾಡುತ್ತಿತ್ತು. ಟಿವಿಯವರಿಗೆ ಅದೇ ಬೇಕು.

ಕಾಕಾ ಎದ್ದು ನಿಂತು ಹಿಂದಿಯಲ್ಲಿ ಹೇಳಿದ್ದರ ಸಾರ ಇಷ್ಟು. ಈಗಷ್ಟೇ ಅವರ ಹತ್ತಿರ ಹೋಗಿ ಬಂದಿದ್ದೇನೆ, ಅವರಲ್ಲಿ ಯಾರೂ ನನ್ನ ಕಾರಿಗಾಗಿ ಸತ್ತಿಲ್ಲ. ಅವರ ಹೆಸರು ತೆಗೆಯಿರಿ, ಆಮೇಲೆ ಸಹಿ ಹಾಕ್ತೀನಿ. ಮಾಜಿ ಸೈನಿಕರಿಗೆ ವಿನಾಯಿತಿ ಕೊಡಿ ಅಂತ ಕೊನೆಯಲ್ಲಿದ್ದ ಸಾಲನ್ನೂ ತೆಗೆಸಿದರು. ನನ್ನನ್ನು ಬಿಟ್ಟು ಮೂರನೇ ಮಹಡಿಯ ಪ್ಲಂಬರ್‌ನ ಸ್ಕೂಟರ್ ಎಳೆದುಕೊಂಡು ಹೋದರೆ ಅದೆಂಥ ನ್ಯಾಯ ಅಂತ.

ಕಾರ್ಯದರ್ಶಿಗೆ ಕೋಪ ಬಂತು. ಹಾಗಾದರೆ ನೀವೇ ಹೇಳಿ ಏನು ಬರೆಯೋಣ ಅಂದರು. ಕಾಕಾ ಹೇಳಿದರು, ನಾನು ಬರೆದುಕೊಂಡೆ. ಪಲ್ಟನ್‌ನಲ್ಲಿ ಗಾಡಿಯನ್ನು ಬಿಚ್ಚಿ ನೋಡದೆ ಯಾರೂ ಕಂಡೆಮ್ ಮಾಡೋದಿಲ್ಲ. ಇಲ್ಲೂ ನೋಡಿ. ಎಷ್ಟು ಓಡಿದೆ, ಎಂಜಿನ್ ಹೇಗಿದೆ, ಯಾವ ಬಿಎಸ್ (ಭಾರತ್ ಸ್ಟೇಜ್ ಅನ್ನೋ ಹೊಗೆಯ ದರ್ಜೆ) ಕಾಲದ್ದು, ಹೊಗೆ ಎಷ್ಟು. ಫೇಲ್ ಆದರೆ ನಾನೇ ತಳ್ಳಿಕೊಂಡು ಬಂದು ಒಪ್ಪಿಸ್ತೀನಿ. ಪಾಸಾದರೆ ಹುಟ್ಟಿದ ವರ್ಷ ಕೇಳಬೇಡಿ. ನಾನು ಒಂದು ಮಾತು ಸೇರಿಸಿದೆ. ಈಗಿನ ಪಿಯುಸಿ, ಅಂದರೆ ಹೊಗೆ ತಪಾಸಣೆ, ಸಾಕಾಗಲ್ಲ, ಪೆಟ್ರೋಲ್ ಗಾಡಿಯಲ್ಲಿ ಅದು ಇಂಗಾಲದ ಮೊನಾಕ್ಸೈಡು, ಹೈಡ್ರೋಕಾರ್ಬನ್ನು ನೋಡುತ್ತೆ, ಎದೆಗೆ ಇಳಿಯುವ ಸಣ್ಣ ಧೂಳಿನ ಲೆಕ್ಕವೇ ಅದರಲ್ಲಿಲ್ಲ. ಒಳ್ಳೆ ಪರೀಕ್ಷೆ ತನ್ನಿ ಅಂತ ನಾವೇ ಕೇಳಬೇಕು. ಕೆಲವರಿಗೆ ಇದು ಇಷ್ಟವಾಗಲಿಲ್ಲ, ಇರೋ ಪರೀಕ್ಷೆ ಸುಲಭ, ಅದನ್ನ್ಯಾಕೆ ಕೆದಕ್ತೀರಿ ಅಂತ.

ಆದರೆ ದೆಹಲಿಯ ನವೆಂಬರ್‌ನಲ್ಲಿ ಇದ್ದವರಿಗೆ ಗೊತ್ತು. ಕಾಕು ಆ ತಿಂಗಳು ರಾತ್ರಿ ಕೂತೇ ನಿದ್ದೆ ಮಾಡ್ತಾರೆ. ಗಾಳಿ ಕೆಟ್ಟಿದೆ ಅನ್ನೋದರಲ್ಲಿ ಜಗಳವೇ ಇಲ್ಲ. ನನ್ನ ಸಿಟ್ಟು ಸರ್ಕಾರ ಕಟ್ಟುನಿಟ್ಟು ಮಾಡ್ತು ಅಂತಲೂ ಅಲ್ಲ. ಅಳೆಯುವ ಕೆಲಸ ಕಷ್ಟ ಅಂತ ಕ್ಯಾಲೆಂಡರ್ ನೋಡಿ ತೀರ್ಮಾನ ಮಾಡಿದರಲ್ಲ, ಅದಕ್ಕೆ. ಅರವತ್ತು ಲಕ್ಷಕ್ಕೂ ಮೇಲೆ ಇಂಥ ಗಾಡಿಗಳು ಪಟ್ಟಿಯಲ್ಲಿವೆ ಅಂತ ಸುದ್ದಿಯಲ್ಲಿ ಬಂತು, ಅದರಲ್ಲಿ ದೊಡ್ಡ ಪಾಲು ದ್ವಿಚಕ್ರ. ಅವುಗಳ ಮಾಲೀಕರು ಯಾರು ಅಂತ ಬೆಳಿಗ್ಗೆ ಆರಕ್ಕೆ ನಮ್ಮ ಗೇಟಿನ ಮುಂದೆ ನಿಂತರೆ ಗೊತ್ತಾಗುತ್ತೆ. ಹಾಲಿನವನು, ಎಲೆಕ್ಟ್ರಿಷಿಯನ್ನು, ಪೇಪರ್ ಹುಡುಗ. ಹೊಸ ಗಾಡಿ ಕೊಳ್ಳಿ ಅನ್ನೋದು ಸುಲಭ.

ಅರ್ಜಿ ಹೋಯಿತು. ಅದರಿಂದೇನೂ ಆಗಲಿಲ್ಲ, ಸ್ವೀಕರಿಸಿದ್ದೇವೆ ಅಂತ ಒಂದು ಚೀಟಿ ಬಂತು. ಆಗಸ್ಟ್ 12ರಂದು ಸುಪ್ರೀಂ ಕೋರ್ಟ್, ಬರೀ ವಯಸ್ಸು ನೋಡಿ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಅಂತ ಹೇಳಿತು. ಸೊಸೈಟಿಯಲ್ಲಿ ಲಡ್ಡು ಹಂಚಿದರು. ಕಾಕಾ ಕಾರಿನ ಕವರ್ ತೆಗೆದು ತೊಳೆದರು. ಆಮೇಲೆ ಚಳಿಗಾಲ ಬಂತು, ಗಾಳಿ ಎಂದಿನಂತೆ ಕೆಟ್ಟಿತು, ಡಿಸೆಂಬರ್ 17ಕ್ಕೆ ಅದೇ ಕೋರ್ಟ್ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದಕ್ಕಿಂತ ಹೊಸ ಗಾಡಿಗಳಿಗೆ ಮಾತ್ರ ಉಳಿಸಿತು. 2007ರ ಸ್ಯಾಂಟ್ರೋ ಬಿಎಸ್-3. ದೆಹಲಿಗೆ ಬಿಎಸ್-4 ಬಂದಿದ್ದೇ 2010ರಲ್ಲಿ.

ನಾನು ಸಮಾಧಾನ ಮಾಡೋಕೆ ಹೋದೆ. ಇದೂ ಅಳೆದ ಹಾಗಲ್ಲ ಕಾಕಾ, ಫ್ಯಾಕ್ಟರಿಯಿಂದ ಬಂದ ದಿನದ ದರ್ಜೆ ನೋಡ್ತಿದ್ದಾರೆ, ಇವತ್ತಿನ ಹೊಗೆ ನೋಡ್ತಿಲ್ಲ, ಇನ್ನೊಂದು ಅರ್ಜಿ ಹಾಕೋಣ ಅಂದೆ. ಕಾಕಾ ಸ್ವಲ್ಪ ಹೊತ್ತು ಯೋಚಿಸಿದರು. "ಯಾವ ಬಿಎಸ್ ಅಂತನೂ ನೋಡ್ರಿ ಅಂತ ನಾನಽ ಬರಿಸಿದ್ದೆ ಅಲ್ಲೋ ತಮ್ಮಾ," ಅಂದರು. "ಅರ್ಜಿ ಹಾಕು, ಪ್ಲಂಬರನ ಸ್ಕೂಟರಿಗೆ ಹಾಕು. ನಂದು ಬಿಡು."

ಜನವರಿಯಲ್ಲಿ ನೋಂದಾಯಿತ ಸ್ಕ್ರ್ಯಾಪಿನವರಿಗೆ ಕೊಟ್ಟರು. ಬ್ಯಾಟರಿ ಹೊಸದು, ಅದಕ್ಕೆ ಬೇರೆ ದುಡ್ಡು ಬೇಕು ಅಂತ ಅರ್ಧ ಗಂಟೆ ಚೌಕಾಸಿ ಮಾಡಿ ಇಸ್ಕೊಂಡೇ ಬಿಟ್ಟರು. ಪ್ಲಂಬರ್‌ನ ಸ್ಕೂಟರ್ ಇನ್ನೂ ಓಡುತ್ತಿದೆ, ಅವನ ಅರ್ಜಿಗೆ ನಾನು ಕಾಗದ ಜೋಡಿಸುತ್ತಿದ್ದೇನೆ.