ರಾಣಿ ಇಲ್ಲದ ಚೆಸ್, ಪಾಯಿಂಟ್ ಇಲ್ಲದ ಶಟಲ್

15 ಜೂನ್ 2024, ಶನಿವಾರ
ರಾತ್ರಿ 10:20

ಮಕ್ಕಳು ಮಲಗಿದರು. ಎರಡು ಬ್ಯಾಟು ಬಾಗಿಲ ಹಿಂದೆ ಒರಗಿಕೊಂಡಿವೆ. ಚೆಸ್ ಬೋರ್ಡು ಸೋಫಾ ಮೇಲೆ ಹಾಗೇ ಇದೆ. ಅರ್ಧಕ್ಕೆ ನಿಂತ ಆಟ ನಾಳೆ ಮುಂದುವರಿಯುತ್ತದಂತೆ, ಅಲ್ಲಿತನಕ ಯಾರೂ ಕಾಯಿ ಮುಟ್ಟಬಾರದಂತೆ. ಹೋದ ಶನಿವಾರದ ರಾದ್ಧಾಂತ ನೋಡಿದ ನನಗೆ ಇದನ್ನು ನಂಬೋದೇ ಕಷ್ಟ.

ಮಗಳಿಗೆ 10 ವರ್ಷ, ಪಕ್ಕದ ಮನೆ ಹುಡುಗನಿಗೆ 11. ಬೇರೆಲ್ಲದರಲ್ಲೂ ಇಬ್ಬರೂ ಗಳಸ್ಯ ಕಂಠಸ್ಯ. ಆಟದ ವಿಷಯ ಬಂದರೆ ಮಾತ್ರ ಎಣ್ಣೆ ಸೀಗೆಕಾಯಿ. ಅವನಿಗೆ ಚೆಸ್ ಬಿಟ್ಟು ಬೇರೇನೂ ಬೇಡ. ಇವಳಿಗೆ ಶಟಲ್ ಬಿಟ್ಟು ಬೇರೇನೂ ಬೇಡ. ಹೋದ ವಾರ ಜಗಳ ಜೋರಾದಾಗ ನಾನು ದೊಡ್ಡ ನ್ಯಾಯಾಧೀಶೆಯ ಹಾಗೆ ಮೊಬೈಲಲ್ಲಿ ಟೈಮರ್ ಇಟ್ಟೆ. ಅರ್ಧ ಗಂಟೆ ಅವನ ಆಟ, ಅರ್ಧ ಗಂಟೆ ಇವಳ ಆಟ. ಸರಿಸಮ. ಇನ್ನೇನು ಬೇಕು?

ಚೆಸ್ ಶುರುವಾದರೆ ಇವಳು ಬೇಗ ಸೋತುಬಿಡೋಣ ಅಂತಲೇ ಸಿಕ್ಕ ಸಿಕ್ಕ ಕಾಯಿ ತಳ್ಳಿದಳು. ಶಟಲ್‌ಗೆ ಹೊರಗೆ ಬಂದರೆ ಅವನು ಲೈಟು ಕಂಬದ ಹಾಗೆ ನಿಂತ. ಕಾಕ್ ಅವನ ಕಾಲ ಹತ್ತಿರ ಬಿದ್ದರೂ ಬಗ್ಗಲಿಲ್ಲ. ಇಬ್ಬರ ಕಣ್ಣೂ ನನ್ನ ಮೊಬೈಲ್ ಮೇಲೆ. ಕೊನೆಗೆ ಅವನು ಚಪ್ಪಲಿ ಕೂಡ ಹಾಕಿಕೊಳ್ಳದೆ ಮನೆಗೆ ಹೋದ. ಆ ಚಪ್ಪಲಿ ಮೂರು ದಿನ ನಮ್ಮ ಬಾಗಿಲಲ್ಲೇ ಇತ್ತು.

ಬುಧವಾರ ರಾತ್ರಿ ಮಗಳು ತಾನಾಗೇ ಬಾಯಿ ಬಿಟ್ಟಳು. "ಅಮ್ಮಾ, ಅವ್ನು ನಾಲ್ಕೇ ಸಲ ಕಾಯಿ ನಡೆಸ್ತಾನೆ, ಆಟ ಮುಗಿಯತ್ತೆ. ನಾನು ಸುಮ್ನೆ ಕೂತ್ಕೊಂಡು ಸೋಲ್ಬೇಕಾ?"

ಬೋರ್ಡು ತಂದು ತೋರಿಸು ಅಂದೆ. ಅವನು ಮೊದಲು ರಾಜನ ಮುಂದಿನ ಸಿಪಾಯಿಯನ್ನು ಎರಡು ಮನೆ ಬಿಡುತ್ತಾನೆ. ಆಮೇಲೆ ರಾಣಿ ಓರೆಯಾಗಿ ಅಂಚಿನ ತನಕ ಬರುತ್ತಾಳೆ. ಹಿಂದೆಯೇ ಒಂಟೆ. ನಾಲ್ಕನೇ ಸಲಕ್ಕೆ ರಾಣಿ ನೇರ ಇವಳ ರಾಜನ ಪಕ್ಕದ ಸಿಪಾಯಿಯನ್ನು ಹೊಡೆದು ಅಲ್ಲೇ ಕೂರುತ್ತಾಳೆ. ಆ ಸಿಪಾಯಿಗೆ ರಾಜನನ್ನು ಬಿಟ್ಟರೆ ಬೇರೆ ಯಾರ ಕಾವಲೂ ಇಲ್ಲ. ರಾಜ ರಾಣಿಯನ್ನು ಹೊಡೆಯೋಣ ಅಂದರೆ ದೂರದಲ್ಲಿ ಒಂಟೆ ಕಾಯುತ್ತಿದೆ. ಚೆಕ್‌ಮೇಟ್. ಇದು ಹಳೇ ತಂತ್ರ, ಹೊಸಬರೆಲ್ಲ ಒಂದಲ್ಲ ಒಂದು ಸಲ ಇದಕ್ಕೆ ಬಿದ್ದವರೇ. ಆದರೆ ಒಂದೇ ಹಳ್ಳಕ್ಕೆ ಹನ್ನೊಂದು ಸಲ ಬಿದ್ದರೆ ಯಾರಿಗೆ ತಾನೆ ಆ ದಾರಿಯಲ್ಲಿ ಹೋಗೋಕೆ ಮನಸ್ಸಾಗುತ್ತದೆ?

ಅಂದರೆ ಅವಳಿಗೆ ಬೇಡವಾಗಿದ್ದು ಚೆಸ್ ಅಲ್ಲ. ಸೋಲೋದಕ್ಕೆ ಮಾತ್ರ ಕರೆಯೋದು ಬೇಡವಾಗಿತ್ತು. ನನ್ನ ಟೈಮರ್‌ಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು.

ಮೇರಿ ಪಾರ್ಕರ್ ಫಾಲೆಟ್ ಅಂತ ಅಮೆರಿಕದ ಒಬ್ಬ ಚಿಂತಕಿ ಇದ್ದರು. 1925ರಲ್ಲಿ ಒಂದು ಉಪನ್ಯಾಸದಲ್ಲಿ ಅವರು ತಮ್ಮದೇ ಒಂದು ಅನುಭವ ಹೇಳಿದ್ದರು. ಹಾರ್ವರ್ಡ್ ಗ್ರಂಥಾಲಯದ ಸಣ್ಣ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆಗೀಬೇಕು, ಇವರಿಗೆ ಮುಚ್ಚಿರಬೇಕು. ಅರ್ಧ ತೆಗೆದಿದ್ದರೆ ಇಬ್ಬರಿಗೂ ಅರ್ಧ ಸಿಟ್ಟು ಉಳಿಯುತ್ತಿತ್ತು. ಅದರ ಬದಲು ಯಾರೂ ಕೂತಿರದ ಪಕ್ಕದ ಕೋಣೆಯ ಕಿಟಕಿ ತೆಗೆದರು. ಯಾಕೆಂದರೆ ಆ ಇನ್ನೊಬ್ಬರಿಗೆ ಬೇಕಿದ್ದದ್ದು ಗಾಳಿ, ಅದೇ ಕಿಟಕಿ ಅಲ್ಲ. ಫಾಲೆಟ್‌ಗೆ ಬೇಡವಾಗಿದ್ದದ್ದು ಮೈಮೇಲೆ ನೇರ ಬೀಸುವ ಚಳಿಗಾಳಿ ಅಷ್ಟೇ. ಇದು ನನಗೆ ಎಷ್ಟೋ ವರ್ಷದಿಂದ ಗೊತ್ತು, ಆಫೀಸಲ್ಲಿ ನಾಲ್ಕು ಜನಕ್ಕೆ ಹೇಳಿಯೂ ಇದ್ದೇನೆ. ಮನೆಯಲ್ಲಿ ಮಾತ್ರ ಕಿಟಕಿಯನ್ನು ಅರ್ಧ ತೆಗೆದು ಕೂತಿದ್ದೆ!

ಹಾಗಂತ ಇವತ್ತು ನಾನೇನೂ ದೊಡ್ಡ ಕೆಲಸ ಮಾಡಲಿಲ್ಲ. "ಅವ್ನಿಗೆ ಶಟಲ್ ಯಾಕೆ ಬೇಡ ಅಂತ ಕೇಳಿದ್ಯಾ?" ಅಂತ ಬೆಳಿಗ್ಗೆ ಮಗಳನ್ನು ಒಂದು ಮಾತು ಕೇಳಿದ್ದೆ, ಅಷ್ಟೇ. ಮಧ್ಯಾಹ್ನ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಒಳಗೆ ಬಟ್ಟೆ ಮಡಿಸುತ್ತಿದ್ದೆ. (ಕದ್ದು ಕೇಳಿಸಿಕೊಂಡೆ ಅಂತ ಯಾರೂ ಅನ್ನಬೇಡಿ. ಕಿಟಕಿ ತೆಗೆದಿತ್ತು.)

"ನಿಂಗೆ ಶಟಲ್ ಯಾಕೋ ಬೇಡ?"

ತುಂಬ ಹೊತ್ತು ಮಾತಿಲ್ಲ. ಆಮೇಲೆ, "ನಾನು ಮಿಸ್ ಮಾಡಿದ್ರೆ ನೀನು ನಗ್ತೀಯ."

"ನಾನೆಲ್ಲಿ ನಕ್ಕೆ?"

"ಹೋದ ಶನಿವಾರ. ಎರಡು ಸಲ."

ಎಣಿಸಿ ಇಟ್ಟುಕೊಂಡಿದ್ದಾನೆ ನೋಡಿ. ಕಂಬದ ಹಾಗೆ ನಿಂತಿದ್ದಕ್ಕೆ ಹಟಮಾರಿ ಅಂದುಕೊಂಡಿದ್ದೆ ನಾನು. ಬ್ಯಾಟು ಬೀಸದಿದ್ದರೆ ಮಿಸ್ ಆಗೋ ಪ್ರಶ್ನೆಯೇ ಇಲ್ಲ, ಅಲ್ವಾ? ದೊಡ್ಡವರೂ ಇದನ್ನೇ ಮಾಡುತ್ತೇವೆ. "ನನಗೆ ಬರಲ್ಲ" ಅನ್ನೋಕೆ ನಾಚಿಕೆ, ಅದಕ್ಕೆ "ನನಗೆ ಇಷ್ಟ ಇಲ್ಲ" ಅನ್ನುತ್ತೇವೆ. ಗೆಳತಿಯರು ಈಜು ಕಲಿಯೋಣ ಬಾ ಅಂತ ಕರೆದಾಗಲೆಲ್ಲ ನಾನು ನೀರು ಇಷ್ಟವಿಲ್ಲ ಅಂದಿದ್ದೇ ಅಂದಿದ್ದು.

ಆಮೇಲೆ ಮೆಟ್ಟಿಲ ಮೇಲೆ ನಡೆದದ್ದು ಒಳ್ಳೇ ಸಂತೆ ಚೌಕಾಸಿ. ಅವನು ರಾಣಿ ಇಲ್ಲದೆ ಚೆಸ್ ಆಡಬೇಕು. ಅವನು ಒಪ್ಪಲಿಲ್ಲ, ಆನೆ ಬಿಡ್ತೀನಿ ಅಂದ. ಇವಳು ಜಗ್ಗಲಿಲ್ಲ. ಸರಿ, ರಾಣಿ ಹೋಯಿತು. ಶಟಲ್‌ನಲ್ಲಿ ಪಾಯಿಂಟ್ ಬೇಡ, ಕಾಕ್ ಕೆಳಗೆ ಬೀಳದೆ ಇಬ್ಬರೂ ಸೇರಿ ಎಷ್ಟು ಸಲ ಹೊಡೆದರು ಅಂತ ಮಾತ್ರ ಎಣಿಸೋದು. ನಗೋ ಹಾಗಿಲ್ಲ. ಎರಡನ್ನೂ ಮೂರು ಮೂರು ಸಲ ಆಡಿ ನೋಡೋದು, ಆಮೇಲೂ ಬೇಡ ಅನ್ನಿಸಿದರೆ ಮತ್ತೆ ಯಾರೂ ಯಾರನ್ನೂ ಕರೆಯಬಾರದು. ಈ ಕೊನೆಯ ಷರತ್ತು ಅವನೇ ಹಾಕಿದ್ದು. ನನಗೆ ಬಹಳ ಹಿಡಿಸಿತು. ಬಿಟ್ಟು ಹೋಗೋಕೆ ಬಾಗಿಲು ಇದೆ ಅಂತ ಗೊತ್ತಿದ್ದರೆ ಒಳಗೆ ಬರೋಕೆ ಅಷ್ಟು ಹೆದರಿಕೆ ಇರಲ್ಲ.

ಗಲಾಟೆ ಮಾಡಿದ್ದು ನಮ್ಮ 6 ವರ್ಷದ ಚಿಕ್ಕವನು. "ರಾಣಿ ತೆಗೆಯೋ ಹಾಗಿಲ್ಲ! ರೂಲ್ಸ್ ಅಂದ್ರೆ ರೂಲ್ಸ್!" ಅಂತ ಕಣ್ಣಲ್ಲಿ ನೀರು ಬೇರೆ. ಜೀನ್ ಪಿಯಾಜೆ ಅನ್ನೋ ಸ್ವಿಸ್ ಮನಶ್ಶಾಸ್ತ್ರಜ್ಞ ಗೋಲಿ ಆಡುವ ಮಕ್ಕಳ ಜೊತೆ ಕೂತು, ಈ ರೂಲ್ಸ್ ಎಲ್ಲಿಂದ ಬಂತು, ಬದಲಾಯಿಸಬಹುದಾ ಅಂತ ಕೇಳುತ್ತಾ ಹೋಗಿದ್ದ. 1932ರಲ್ಲಿ ಬಂದ ಅವನ ಪುಸ್ತಕದಲ್ಲಿ ಅದೆಲ್ಲ ಇದೆ. ಚಿಕ್ಕ ಮಕ್ಕಳಿಗೆ ನಿಯಮ ಅಂದರೆ ದೊಡ್ಡವರು ಮಾಡಿಟ್ಟಿದ್ದು, ಮುಟ್ಟೋ ಹಾಗಿಲ್ಲ. ಸ್ವಲ್ಪ ದೊಡ್ಡವರಾದ ಮೇಲೆ, ಎಲ್ಲರೂ ಒಪ್ಪಿದರೆ ಬದಲಾಯಿಸಬಹುದು ಅಂತ ಗೊತ್ತಾಗುತ್ತದೆ. ನಮ್ಮ ಮೆಟ್ಟಿಲ ಮೇಲೆ ಎರಡೂ ಥರದವರು ಒಟ್ಟಿಗೆ ಕೂತಿದ್ದರು. ಚಿಕ್ಕವನಿಗೆ ಎಣಿಸೋ ಕೆಲಸ ಕೊಟ್ಟ ಮೇಲೆ ಅಳು ನಿಂತಿತು.

ಮೊದಲನೇ ಶಟಲ್ ಪಂದ್ಯದಲ್ಲಿ ಎಣಿಕೆ ಎರಡು ದಾಟಲಿಲ್ಲ. ಹುಡುಗ ಬ್ಯಾಟನ್ನು ಪೊರಕೆ ಹಿಡಿದ ಹಾಗೆ ಹಿಡಿದಿದ್ದ. ಅದಕ್ಕಿಂತ ಹೆಚ್ಚಾಗಿ, ಬಾಲ್ ಬಂದ ಹಾಗೆ ಬರುತ್ತದೆ ಅಂದುಕೊಂಡು ಮೊದಲೇ ಬೀಸಿಬಿಡುತ್ತಿದ್ದ. ಕಾಕ್ ಹಾಗಲ್ಲ. ಬ್ಯಾಟಿಂದ ಹೊರಟಾಗ ಇರುವ ವೇಗ ದಾರಿಯಲ್ಲಿ ಇರಲ್ಲ, ಹಿಂದಿನ ಗರಿಯ ಭಾಗ ಗಾಳಿಗೆ ಸಿಕ್ಕಿ ಬೇಗ ನಿಧಾನವಾಗುತ್ತದೆ. ಮಗಳು ತುಟಿ ಕಚ್ಚಿಕೊಂಡು ನಗು ತಡೆದಳು. ಆಮೇಲೆ ಹತ್ತಿರ ಹೋಗಿ, "ಹೊಡೀಬೇಕು ಅನ್ಸತ್ತಲ್ಲ, ಆವಾಗ ಹೊಡೀಬೇಡ. ಒಂಚೂರು ತಡೆದು ಹೊಡಿ" ಅಂದಳು. ಅವನು ತಡೆದ. ಟಪ್ ಅಂತ ಸದ್ದು ಬಂತು. ಅವನ ಮುಖ ನೋಡಬೇಕಿತ್ತು ನೀವು.

ಚೆಸ್ ಅಷ್ಟು ಸಲೀಸಾಗಿ ನಡೆಯಲಿಲ್ಲ. ಒಂದು ಆನೆ ಹೋದ ಕೂಡಲೇ ಅವನು ರಾಣಿ ವಾಪಸ್ ಬೇಕು ಅಂದ. ಮಾತು ಅಂದ್ರೆ ಮಾತು ಅಂತ ಇವಳು. ಹತ್ತು ನಿಮಿಷ ಮೌನ ವ್ರತ. ನಾನು ಎದ್ದು ಹೋಗಬೇಕು ಅನ್ನುವಷ್ಟರಲ್ಲಿ ಅವನೇ ಕುದುರೆ ನಡೆಸಿದ. ಇವಳೂ ಅದಕ್ಕೆ ಏನೋ ಕೊಟ್ಟಿರಬೇಕು, ಏನು ಅಂತ ಹೇಳುತ್ತಿಲ್ಲ. ಆಟ ಮುಗಿದ ಮೇಲೆ ಆ ನಾಲ್ಕು ನಡೆಯ ತಂತ್ರವನ್ನು ತಡೆಯೋದು ಹೇಗೆ ಅಂತ ಅವನೇ ತೋರಿಸಿಕೊಟ್ಟ. ಮೊದಲು ಕುದುರೆ ತಂದು ರಾಜನ ಮುಂದಿನ ಸಿಪಾಯಿಗೆ ಕಾವಲು, ಒಂಟೆ ಬಂದ ಮೇಲೆ ರಾಜನ ಕಡೆಯ ಕುದುರೆ ಮುಂದಿನ ಸಿಪಾಯಿಯನ್ನು ಒಂದು ಮನೆ ಮುಂದಿಟ್ಟು ರಾಣಿಯ ದಾರಿಗೆ ಅಡ್ಡ. ಹಿಂದೆ ಮುಂದೆ ಮಾಡಿದರೆ ದೊಡ್ಡ ನಷ್ಟ. ಸಂಜೆ ಮಗಳು ತುಂಬ ಮುಗ್ಧವಾಗಿ "ಅಮ್ಮಾ, ಒಂದಾಟ ಆಡ್ತೀಯಾ?" ಅಂದಳು. ಬುಧವಾರ ಕಣ್ಣಾರೆ ನೋಡಿದ್ದರೂ ನಾಲ್ಕೇ ನಡೆಗೆ ನನ್ನನ್ನು ಮುಗಿಸಿದಳು.

ಮೂರನೇ ಸಲ ಶಟಲ್ ಆಡುವಾಗ ಬೆಳಕು ಕಮ್ಮಿಯಾಗುತ್ತಿತ್ತು. ಎಣಿಕೆ 23ಕ್ಕೆ ಬಂದಿತ್ತು. ಹುಡುಗ ಎತ್ತರಕ್ಕೆ ಹೊಡೆದ ಕಾಕ್ ಹೋಗಿ ಕಿಟಕಿ ಮೇಲಿನ ಸಜ್ಜದ ಮೇಲೆ ಕೂತಿತು. ಕೆಳಗೆ ಬಿದ್ದಿಲ್ಲ, ಹಾಗಾಗಿ ಅದೂ ಲೆಕ್ಕಕ್ಕೆ, 24 ಅಂತ ಅವನು. ನನ್ನ ಹತ್ತಿರ ಬಂದೇ ಇಲ್ಲ, 23 ಅಂತ ಇವಳು. ಇಬ್ಬರೂ ನನ್ನ ಕಡೆ ನೋಡಿದರು. ನಾನು ಕೋಲು ಹುಡುಕುವ ನೆಪದಲ್ಲಿ ಒಳಗೆ ಹೋದೆ.

ವಾಪಸ್ ಬರುವಷ್ಟರಲ್ಲಿ ಚಿಕ್ಕವನು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿದ್ದ: 23½.