ಬಟ್ಟೆ ಕ್ರೇಟು: ಕೊನೆಗೂ ಜಿಪ್ ನಿಂತಿತು

ನಿಂತಿತು. ನಮ್ಮ ನಾಯಿ ಕೋಡುಬಳೆಯನ್ನು ಕಾರಿನಲ್ಲಿ ಕೂರಿಸುವ ಕ್ರೇಟಿನ, ಅಂದರೆ ಬಟ್ಟೆಯ ಮಡಚುವ ಗೂಡಿನ, ಜಿಪ್ ಈ ಸಲ ಬಿಚ್ಚಿಕೊಳ್ಳಲಿಲ್ಲ. ನೆಲಮಂಗಲ ಟೋಲ್ ದಾಟಿದರೂ ನಿಂತಿತು, ಕುಣಿಗಲ್ ದಾಟಿದರೂ ನಿಂತಿತು, ಹಾಸನದವರೆಗೂ ಕೋಡುಬಳೆ ಕ್ರೇಟಿನ ಒಳಗೇ ಇದ್ದಳು. ಇಷ್ಟು ದಿನ ಟೋಲ್ ಸಾಲಿನಲ್ಲಿ ಕಾರು ನಿಂತಿತೋ ಇಲ್ಲವೋ, ಹಿಂದಿನ ಸೀಟಿನಿಂದ ಒಂದು ಒದ್ದೆ ಮೂಗು ಬಂದು ನನ್ನ ಕಿವಿಗೆ ತಾಗುತ್ತಿತ್ತು.

ಹೊಸಬರಿಗೆ ಹೇಳಿಬಿಡುತ್ತೇನೆ. ಕೋಡುಬಳೆ ಬೀದಿಯಿಂದ ಬಂದ ನಾಟಿ ನಾಯಿ, ತೂಕ 15 ಕೆಜಿ, ಹೆಸರಿಗೆ ಕಾರಣ ಅವಳ ಬಾಲ. ಕ್ರೇಟ್ ಕಂಡರೆ ಅವಳಿಗೆ ಭಯವೂ ಇಲ್ಲ, ಸಿಟ್ಟೂ ಇಲ್ಲ. ಮನೆಯಲ್ಲಿ ಬಾಗಿಲು ತೆರೆದಿಟ್ಟರೆ ತಾನೇ ಹೋಗಿ ಮಲಗುತ್ತಾಳೆ. ಮುಚ್ಚಿದ ಜಿಪ್ ಕಂಡರೆ ಮಾತ್ರ ಅದನ್ನು ಬಿಚ್ಚಲೇಬೇಕು. ಈ ವ್ಯತ್ಯಾಸ ಮುಖ್ಯ, ಆಮೇಲೆ ಮತ್ತೆ ಬರುತ್ತೇನೆ.

ಬಟ್ಟೆ, ಫ್ರೇಮು ಬಗ್ಗೆ ಜಾಸ್ತಿ ಬರೆಯಲ್ಲ. 600ಡಿ (ಡೆನಿಯರ್, ಎಳೆಯ ದಪ್ಪದ ಲೆಕ್ಕ) ಪಾಲಿಯೆಸ್ಟರ್, ಒಳಮೈಗೆ ಪಿಯು, ಅಂದರೆ ಪಾಲಿಯುರೆಥೇನ್ ಕೋಟಿಂಗ್, ಮಡಚುವ ಸ್ಟೀಲ್ ಪೈಪಿನ ಫ್ರೇಮು. ಎಲ್ಲರ ಹತ್ತಿರ ಇರುವುದೇ. ಅಳತೆ ಬಗ್ಗೆ ಮಾತ್ರ ಒಂದು ತಕರಾರಿದೆ. ಕೋಡುವಿನ ಮೂಗಿನಿಂದ ಬಾಲದ ಬುಡಕ್ಕೆ 68 ಸೆಂ.ಮೀ., ನೆಲದಿಂದ ಮುಂಗಾಲಿನ ಮೊಣಕೈಗೆ 28. ನಾಯಿ ಪೆಟ್ಟಿಗೆಗೆ ವಿಮಾನದವರ ಲೆಕ್ಕ ಇದೆಯಲ್ಲ, ಐಎಟಿಎ ಅನ್ನುವ ವಿಮಾನ ಕಂಪನಿಗಳ ಸಂಘದ ಸೂತ್ರ, ಅದರ ಪ್ರಕಾರ ಉದ್ದ ಅಂದರೆ ಮೊದಲನೆಯದು ಪೂರ್ತಿ, ಎರಡನೆಯದರಲ್ಲಿ ಅರ್ಧ. ಒಟ್ಟು 82. ಭುಜದ ಅಗಲ 17, ಅದರ ಎರಡರಷ್ಟು 34. ಎತ್ತರ, ನಿಂತಾಗ ಕಿವಿ ತುದಿವರೆಗೆ. ಮೊದಲು ಬಂದ ಕ್ರೇಟಿನ ಪೆಟ್ಟಿಗೆ ಮೇಲೆ 81 ಅಂತ ಬರೆದಿತ್ತು. ಒಂದು ಸೆಂಟಿಮೀಟರ್ ತಾನೇ, ಕಾರಿಗೆ ನಡೆಯುತ್ತೆ ಅಂದುಕೊಳ್ಳಬಹುದು. ಆದರೆ 81 ಹೊರಗಿನ ಅಳತೆ. ಪೈಪು, ಹೊಲಿಗೆ, ಒಳಕ್ಕೆ ವಾಲಿದ ಗೋಡೆ ಎಲ್ಲ ಕಳೆದರೆ ಒಳಗೆ ಸಿಕ್ಕಿದ್ದು 75. ಮಾರಿದವರನ್ನು ಕೇಳಿದರೆ, "ಮೇಡಂ, ಸೈಜ್ ಚಾರ್ಟ್ ನೋಡಿ" ಅಂತ ಅದೇ ಚಾರ್ಟನ್ನು ಮತ್ತೆ ಕಳಿಸಿದರು. ಜಗಳ ಆಡಿ ಒಂದು ಸೈಜ್ ದೊಡ್ಡದಕ್ಕೆ ಬದಲಾಯಿಸಿಕೊಂಡೆ. ಅಂದಹಾಗೆ ಈ ಬಟ್ಟೆ ಕ್ರೇಟು ವಿಮಾನದ ಸಾಮಾನಿನ ಜಾಗಕ್ಕೆ ನಡೆಯುವುದಿಲ್ಲ, ಅಲ್ಲಿಗೆ ಗಟ್ಟಿ ಪೆಟ್ಟಿಗೆಯೇ ಬೇಕು. ಲೆಕ್ಕವನ್ನಷ್ಟೇ ಅಲ್ಲಿಂದ ತಗೊಂಡಿದ್ದು.

ಈಗ ಜಿಪ್.

ಕ್ರೇಟಿನ ಜೊತೆ ಬಂದದ್ದು 5 ನಂಬರ್ ನೈಲಾನ್ ಚೈನು, ಅಂದರೆ ಸುರುಳಿಯಂಥ ಹಲ್ಲಿರುವ ಜಿಪ್ ಪಟ್ಟಿ. ಎರಡು ರನ್ನರ್, ಅಂದರೆ ಹಲ್ಲು ಕೂಡಿಸುತ್ತಾ ಓಡುವ ತುಂಡು. ಎರಡೂ ಬಂದು ಸೇರುವುದು ಬಾಗಿಲಿನ ಕೆಳಗಿನ ಮೂಲೆಯಲ್ಲಿ. ಅಂದರೆ ಮಲಗಿರುವ ನಾಯಿಯ ಮೂಗು ಎಲ್ಲಿರುತ್ತೋ ಸರಿಯಾಗಿ ಅಲ್ಲಿ. ಇದನ್ನು ಡಿಸೈನ್ ಮಾಡಿದವರು ಮನೆಯಲ್ಲಿ ಮೀನು ಸಾಕಿರಬೇಕು.

ಎಲ್ಲರೂ ಹೇಳುವ ಉಪಾಯ ಗೊತ್ತಲ್ಲ, ಎರಡು ರನ್ನರ್‌ಗಳ ಕಿವಿಗೆ ಒಂದು ಕೊಂಡಿ ಸಿಕ್ಕಿಸುವುದು. ಸಿಕ್ಕಿಸಿದೆ. ರನ್ನರ್ ಅಲ್ಲಾಡಲಿಲ್ಲ, ಕೊಂಡಿಯೂ ಭದ್ರ. ಪಕ್ಕದಲ್ಲೇ, ಮೂಲೆ ತಿರುಗುವ ಜಾಗದಲ್ಲಿ, ಚೈನು ಬಾಯಿ ಬಿಟ್ಟುಕೊಂಡಿತ್ತು. ಬೀಗ ಹಾಗೇ ಇದೆ, ಗೋಡೆಗೆ ಕನ್ನ ಬಿದ್ದಿದೆ.

ನೈಲಾನ್ ಚೈನಿನ ಒಳ್ಳೆಯ ಗುಣ ಏನೆಂದರೆ, ಹೀಗೆ ಬಿಚ್ಚಿಕೊಂಡರೂ ರನ್ನರ್ ಒಮ್ಮೆ ಹಿಂದಕ್ಕೆ ಎಳೆದು ಮುಂದಕ್ಕೆ ತಂದರೆ ಮತ್ತೆ ಕೂಡಿಕೊಳ್ಳುತ್ತದೆ. ಕೆಟ್ಟ ಗುಣವೂ ಅದೇ. ಏನೂ ಹಾಳಾಗಿಲ್ಲ ಅನ್ನಿಸಿಬಿಡುತ್ತದೆ. ಬಲವಂತವಾಗಿ ಎಳೆದಾಡಿದಷ್ಟೂ ರನ್ನರ್‌ನ ಬಾಯಿ ಅಗಲವಾಗುತ್ತಾ ಹೋಗುತ್ತದೆ. ಇಕ್ಕಳದಲ್ಲಿ ಎರಡೂ ಬದಿ ಮೆಲ್ಲಗೆ ಒತ್ತಿದರೆ ಸ್ವಲ್ಪ ದಿನ ಓಡುತ್ತೆ, ಅಷ್ಟೇ.

ಸರಿ, ದಪ್ಪ ಚೈನು ತರೋಣ ಅಂತ ಬೆಂಗಳೂರಿನ ಮಾಮೂಲ್‌ಪೇಟೆಗೆ ಹೋದೆ. 5, 8, 10 ಅನ್ನುವುದು ಮುಚ್ಚಿದಾಗ ಹಲ್ಲಿನ ಅಗಲ, ಹತ್ತಿರ ಹತ್ತಿರ ಮಿಲಿಮೀಟರ್ ಲೆಕ್ಕ. 10 ನಂಬರ್ ಗಟ್ಟಿ, ಆದರೆ ಮೂಲೆಯಲ್ಲಿ ಬಗ್ಗಲು ಒಪ್ಪಲ್ಲ. 8 ಕೇಳಿದೆ. ಮೊದಲ ಅಂಗಡಿಯಲ್ಲಿ "ರೋಲ್ ತಗೊಳ್ಳಿ." ಎರಡನೆಯದರಲ್ಲಿ "ರೋಲ್ ತಗೊಳ್ಳಿ." ಒಂದು ರೋಲ್ ತಗೊಂಡರೆ ನಮ್ಮ ಬಡಾವಣೆಯ ಅಷ್ಟೂ ನಾಯಿಗಳಿಗೆ ಕೋಟು ಹೊಲಿದು ಮಿಗುತ್ತೆ. ಮುಂದಿನ ಸಣ್ಣ ಅಂಗಡಿಯಲ್ಲಿ ವಯಸ್ಸಾದವರೊಬ್ಬರು ಮೀಟರ್ ಲೆಕ್ಕಕ್ಕೆ ಕೊಡಲು ಒಪ್ಪಿದರು.

"ಯಾವ ಬ್ಯಾಗಿಗೆ ಮೇಡಂ?"

"ನಾಯಿ ಟೆಂಟಿಗೆ."

ಚೈನು ಅಳೆಯುತ್ತಿದ್ದವರು ನಿಲ್ಲಿಸಿ ನನ್ನ ಮುಖ ನೋಡಿದರು. "ಒಳಗಿಂದ ಬಿಚ್ಚುತ್ತಾ, ಹೊರಗಿಂದಾನಾ?"

ಈ ಪ್ರಶ್ನೆ ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಆಗ ನಕ್ಕು ಸುಮ್ಮನಾದೆ. ಅವರು ಚೈನು ಕೊಟ್ಟರು, ರನ್ನರ್‌ಗಳನ್ನು ಪೊಟ್ಟಣ ಕಟ್ಟಿ ಕೊಟ್ಟರು. ಮನೆಗೆ ಬಂದು ಬಿಚ್ಚಿದರೆ ರನ್ನರ್ 8 ನಂಬರೇ, ಆದರೆ ಮೌಲ್ಡೆಡ್, ಅಂದರೆ ಅಚ್ಚು ಹಾಕಿದ ಬಿಡಿ ಬಿಡಿ ಪ್ಲಾಸ್ಟಿಕ್ ಹಲ್ಲಿನ ಚೈನಿನದು. ನಂಬರ್ ಒಂದೇ ಆದರೂ ಒಂದು ಜಾತಿಯ ರನ್ನರ್ ಇನ್ನೊಂದು ಜಾತಿಯ ಚೈನಿಗೆ ಕೂರುವುದಿಲ್ಲ. ಮತ್ತೆ ಮೆಟ್ರೋ, ಮತ್ತೆ ಮಾಮೂಲ್‌ಪೇಟೆ. ಕೊಳ್ಳುವಾಗ ಅಲ್ಲೇ ಒಂದು ತುಂಡಿಗೆ ಹಾಕಿ ಎಳೆದು ನೋಡಿ, ಅಂಗಡಿಯವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಹಳೆಯ ಗೆರೆಯಲ್ಲೇ 8 ನಂಬರ್ ಹೊಲಿದೆ. ಅದೇ ಮೂಲೆಯಲ್ಲಿ ಬಿಚ್ಚಿಕೊಂಡಿತು.

ಆಗ ಆ ಪ್ರಶ್ನೆ ನೆನಪಾಯಿತು. ಒಳಗಿಂದ. ನಾವೆಲ್ಲ ಜಿಪ್ಪನ್ನು ಹೊರಗಿನಿಂದಲೇ ನೋಡುತ್ತೇವೆ ಅಲ್ವಾ? ಹಾಲ್‌ನಲ್ಲಿ ಕ್ರೇಟ್ ಬಿಡಿಸಿ, ತಲೆ ಭುಜ ಒಳಗೆ ತೂರಿಸಿ, ಮಂಡಿ ಮಡಚಿ ಮಲಗಿ, ನಮ್ಮೆಜಮಾನರಿಗೆ ಜಿಪ್ ಹಾಕಲು ಹೇಳಿದೆ. ಕಾಲು ಹಿಡಿಸಲಿಲ್ಲ, ಹಿಂದಿನ ಬಾಗಿಲಿನಿಂದ ಹೊರಗೆ ಚಾಚಿತ್ತು. ಅತ್ತೆ ಕಾಫಿ ಲೋಟ ಹಿಡಿದು ಬಂದವರು ಅಲ್ಲೇ ನಿಂತುಬಿಟ್ಟರು. "ಏನಮ್ಮಾ ಇದು, ನಾಯಿ ಹೊರಗೆ, ನೀನು ಒಳಗೆ?"

ಒಳಗೆ ಕಂಡದ್ದು ಇಷ್ಟು. ಮೂರು ಕಡೆ ಮೆಶ್‌ನಿಂದ, ಅಂದರೆ ಬಲೆಯ ಕಿಟಕಿಯಿಂದ, ಮಂದ ಬೆಳಕು. ಎರಡು ರನ್ನರ್ ಸೇರುವ ಕಡೆ ಮಾತ್ರ ಒಂದು ಸಣ್ಣ ಸೀಳು. ರನ್ನರ್‌ಗಳು ಎಷ್ಟು ಒತ್ತಿಕೊಂಡರೂ ಅವುಗಳ ನಡುವೆ ಹಲ್ಲು ಕೂಡಿರುವುದಿಲ್ಲ, ಅರ್ಧ ಬೆರಳಗಲ ತೆರೆದೇ ಇರುತ್ತದೆ. ಅಲ್ಲಿಂದ ಚೂಪಾದ ಬೆಳಕು ಬೀಳುತ್ತಿತ್ತು, ಗಾಳಿ ನುಗ್ಗುತ್ತಿತ್ತು, ಅತ್ತೆಯ ಕಾಫಿ ವಾಸನೆ ಕೂಡ. ಮೂಗಿನಲ್ಲೇ ಲೋಕ ತಿಳಿಯುವ ಪ್ರಾಣಿಗೆ ಇದಕ್ಕಿಂತ ಆಹ್ವಾನ ಬೇಕೇ! ಬೆರಳಿಟ್ಟು ಒತ್ತಿದೆ. ಟಪ್ ಅಂತ ಮೂಲೆ ಬಿಚ್ಚಿಕೊಂಡಿತು.

ಯಾಕೆ ಮೂಲೆಯೇ? ನೇರ ಗೆರೆಯಲ್ಲಿ ಎಳೆತ ಬಿದ್ದರೆ ಅಕ್ಕಪಕ್ಕದ ಹತ್ತಾರು ಸುರುಳಿಗಳು ಹಂಚಿಕೊಳ್ಳುತ್ತವೆ. ಬಿಗಿಯಾದ ತಿರುವಿನಲ್ಲಿ ಹೊರಬದಿಯ ಸುರುಳಿಗಳು ಒಂದರಿಂದೊಂದು ದೂರ ಸರಿದಿರುತ್ತವೆ, ಹಿಡಿತ ಮೊದಲೇ ಸಡಿಲ. ಈ ಕ್ರೇಟಿನ ಮೂಲೆಯ ತ್ರಿಜ್ಯ 3 ಸೆಂ.ಮೀ. ಅಷ್ಟೇ. ಅದರ ಮೇಲೆ ಫ್ರೇಮು ಬಿಚ್ಚಿ ನಿಲ್ಲಿಸಿದಾಗ ಬಟ್ಟೆಯೆಲ್ಲ ಬಿಗಿಯುತ್ತದೆ, ಬಾಗಿಲಿನ ಬಿಗಿತ ಪೂರ್ತಿ ಚೈನಿನ ಮೇಲೆ. ಎಳೆತ, ತಿರುವು, ಸೀಳು, ಮೂರೂ ಒಂದೇ ಕಡೆ. ಚೈನು 8 ಆದರೇನು, 10 ಆದರೇನು.

ಹಾಗಾಗಿ ಬಾಗಿಲನ್ನೇ ಹೊಸದಾಗಿ ಕತ್ತರಿಸಿದೆ. ಮೂಲೆಗೆ ಸ್ಟೀಲ್ ತಟ್ಟೆ ಇಟ್ಟು ಗೆರೆ ಎಳೆದೆ, ತ್ರಿಜ್ಯ 10 ಸೆಂ.ಮೀ. ಬಂತು. ರನ್ನರ್ ಸೇರುವ ಜಾಗವನ್ನು ಮೇಲೆ, ನೇರ ಗೆರೆಯ ನಡುವಿಗೆ ತಂದೆ. ಗುಂಡುಪಿನ್ನು ಚುಚ್ಚಿದರೆ ಕೋಟಿಂಗಿನಲ್ಲಿ ತೂತು ಹಾಗೇ ಉಳಿಯುತ್ತೆ, ಅದಕ್ಕೇ ಡಬಲ್ ಸೈಡ್ ಟೇಪಿನಲ್ಲಿ ಚೈನು ಅಂಟಿಸಿದೆ. ತಿರುವಿನಲ್ಲಿ ಚೈನಿನ ಎರಡೂ ಪಟ್ಟಿ ಒಂದೇ ತರ ನಡೆದುಕೊಳ್ಳಲ್ಲ. ಬಾಗಿಲ ಕಡೆಯ ಪಟ್ಟಿ ನೆರಿಗೆ ಬೀಳುತ್ತದೆ, ಅದನ್ನು ಉಗುರಿನಲ್ಲಿ ಒತ್ತಿ ಒತ್ತಿ ಹಂಚಬೇಕು. ಗೋಡೆ ಕಡೆಯ ಪಟ್ಟಿಗೆ ಉದ್ದ ಸಾಲುವುದಿಲ್ಲ, ಅದರ ಅಂಚಿಗೆ ಸಣ್ಣ ಸಣ್ಣ ಕತ್ತರಿ ಗೀರು ಕೊಡಬೇಕು. ಗೀರು ಹಲ್ಲಿನ ಹತ್ತಿರ ಹೋಗಬಾರದು. ಸೂಜಿ 18 ನಂಬರ್, ದಾರ ಬಾಂಡೆಡ್ ನೈಲಾನ್. ಟೇಪಿನ ಗೋಂದು ಸೂಜಿಗೆ ಮೆತ್ತಿ ಹೊಲಿಗೆ ತಪ್ಪಲು ಶುರುವಾದರೆ ನಿಲ್ಲಿಸಿ ಸೂಜಿ ಒರೆಸಿ.

ನನ್ನದು ಅಮ್ಮನ ಕಾಲದ ಕಪ್ಪು ಕಾಲ್ಮಷಿನ್. ನಾಲ್ಕು ಪದರ ಬಟ್ಟೆ, ಮೇಲೆ ನವಾರ್ ಪಟ್ಟಿ ಬಂದಾಗ ಪೆಡಲ್ ತುಳಿಯುವುದು ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಿ ಹೊಲಿಯಬೇಕು. ಒಂದೊಂದೇ ಹೊಲಿಗೆ. ಆಗಲೇ ಮುಂದಿನ ಪ್ರಾಜೆಕ್ಟ್ ತಲೆಗೆ ಬಂದದ್ದು. ಈ ಮಷಿನ್‌ಗೆ ಸರ್ವೋ ಮೋಟರ್ ಕೂರಿಸಬೇಕು. ಮಾಮೂಲಿ ಚಿಕ್ಕ ಮೋಟರ್ ಬೇಡ, ಅದಕ್ಕೆ ನಿಧಾನಕ್ಕೆ ತಿರುಗುವಾಗ ಬಲ ಇರಲ್ಲ. ಸರ್ವೋಗೆ ಇರುತ್ತೆ. ಮೋಟರ್ ಕಡೆ ಬೆಲ್ಟಿನ ಪುಲ್ಲಿ ಸಣ್ಣದು ಹಾಕಿದರೆ ವೇಗ ಇನ್ನೂ ಇಳಿದು ಬಲ ಏರುತ್ತೆ. ಎಸ್‌ಜೆಪಿ ರಸ್ತೆಯಲ್ಲಿ ಪುಲ್ಲಿ ನೋಡಿಟ್ಟಿದ್ದೇನೆ. ಮಷಿನ್ ಕೂತಿರುವ ಮರದ ಟೇಬಲ್‌ಗೆ ತೂತು ಹಾಕಲು ಅಮ್ಮನ ಒಪ್ಪಿಗೆ ಬೇಕು, ಅದು ಕಷ್ಟದ ಭಾಗ. ಇರಲಿ, ಜಿಪ್‌ಗೆ ಬರೋಣ.

ಎಳೆತ ಇಳಿಸಲು ಬಾಗಿಲ ಎರಡೂ ಪಕ್ಕದಲ್ಲಿ 25 ಮಿ.ಮೀ. ನವಾರ್ ಪಟ್ಟಿ, ಸೈಡ್ ರಿಲೀಸ್ ಬಕಲ್, ಅಂದರೆ ಎರಡೂ ಬದಿ ಒತ್ತಿದರೆ ಬಿಡುವ ಕೊಂಡಿ. ಬಾಗಿಲು ಮುಚ್ಚಿ ಮೊದಲು ಬಕಲ್ ಹಾಕಿ ಬಿಗಿಯಬೇಕು, ಆಮೇಲೆ ಜಿಪ್. ಆಗ ಬಿಗಿತವೆಲ್ಲ ಪಟ್ಟಿಗೆ ಹೋಗುತ್ತದೆ, ಚೈನಿಗೆ ಮುಚ್ಚುವ ಕೆಲಸ ಮಾತ್ರ. ರನ್ನರ್ ಎಳೆಯುವಾಗಲೇ ಗೊತ್ತಾಗುತ್ತೆ, ಒಂದೇ ಬೆರಳಿಗೆ ಸರ್ರನೆ ಬರುತ್ತೆ.

ಕೊನೆಯದು ಒಳಗಿನ ಮುಚ್ಚುಪಟ್ಟಿ. ಅದೇ 600ಡಿ ಬಟ್ಟೆಯ 6 ಸೆಂ.ಮೀ. ಅಗಲದ ಪಟ್ಟಿಯನ್ನು ಗೋಡೆಯ ಕಡೆ ಹೊಲಿದು, ಚೈನಿನ ಉದ್ದಕ್ಕೂ ಒಳಗಿನಿಂದ ಮುಚ್ಚುವಂತೆ ಇಳಿಬಿಟ್ಟೆ. ಮತ್ತೆ ತಲೆ ತೂರಿಸಿ ನೋಡಿದೆ, ಈ ಸಲ ಅತ್ತೆ ಏನೂ ಕೇಳಲಿಲ್ಲ. ಸೀಳು ಇಲ್ಲ, ಬೆಳಕಿಲ್ಲ. ನನಗೆ ಕೇಳಿದರೆ ಇಡೀ ಕೆಲಸದಲ್ಲಿ ಗೆದ್ದದ್ದು ಈ ಪಟ್ಟಿಯೇ. ಕೋಡು ಒಳಗೆ ಹೋದಳು, ಹಳೆಯ ಮೂಲೆಗೆ ಮೂಗು ಇಟ್ಟಳು, ಬಟ್ಟೆ ಮೂಸಿದಳು. ಆಮೇಲೆ ಮೆಶ್ ಕಡೆ ತಿರುಗಿ ರಸ್ತೆ ನೋಡುತ್ತಾ ಮಲಗಿದಳು. ಹಿಂದಿನ ಸಾಹಸದ ನೆನಪೇ ಇಲ್ಲದವಳು!

ಮೆಶ್ ಬಗ್ಗೆ ಒಂದು ಎಚ್ಚರಿಕೆ. ಬೆಂಗಳೂರಿನಲ್ಲಿ ಕಿಟಕಿಗೆ ಸೊಳ್ಳೆ ಮೆಶ್ ಹಾಕುವವರು ಗಲ್ಲಿಗೊಬ್ಬರಿದ್ದಾರೆ, ಉಳಿದ ತುಂಡು ಅಗ್ಗಕ್ಕೆ ಕೊಡುತ್ತಾರೆ. ಅದರಲ್ಲಿ ಜಾಸ್ತಿ ಫೈಬರ್‌ಗ್ಲಾಸ್. ನಾಯಿ ಉಗುರು ಹಾಕಿದರೆ ಕೋಟಿಂಗ್ ಹೋಗಿ ಎಳೆ ಒಡೆಯುತ್ತದೆ, ಆ ಚೂರು ಬಾಯಿಗೆ ಕಣ್ಣಿಗೆ ಹೋಗುವುದು ಬೇಡ. ಪಿವಿಸಿ ಲೇಪದ ದಪ್ಪ ಪಾಲಿಯೆಸ್ಟರ್ ಮೆಶ್, ಸಾಕುಪ್ರಾಣಿಗೆಂದು ಪೆಟ್ ಮೆಶ್ ಅಂತ ಮಾರುತ್ತಾರಲ್ಲ, ಅದನ್ನೇ ಕೇಳಿ. ಗಾಳಿ ಸ್ವಲ್ಪ ಕಡಿಮೆ ಆಡುತ್ತೆ, ಅದಕ್ಕೆ ಪಕ್ಕದ ಕಿಟಕಿ ದೊಡ್ಡದು ಮಾಡಿಕೊಳ್ಳಬೇಕು. ನಾಯಿಗೆ ಮೈ ತಣಿಯುವುದು ಮುಖ್ಯವಾಗಿ ತೇಕುವುದರಿಂದ, ಗಾಳಿ ಆಡದಿದ್ದರೆ ತೇಕಿಯೂ ಪ್ರಯೋಜನ ಇಲ್ಲ.

ಇಲ್ಲೇ ಇನ್ನೊಂದು ಆಸೆ. ಎಸ್‌ಪಿ ರಸ್ತೆಯಲ್ಲಿ ಸಿಗುವ 120 ಮಿ.ಮೀ. ಕಂಪ್ಯೂಟರ್ ಫ್ಯಾನು, 5 ವೋಲ್ಟಿನದು, ಪವರ್ ಬ್ಯಾಂಕಿನಿಂದ ಓಡಿಸಿ ಮೆಶ್‌ಗೆ ಹೊರಗಿನಿಂದ ಕಟ್ಟಿದರೆ? ವೈರು ಪೂರ್ತಿ ಹೊರಗೇ ಇರಬೇಕು, ಕೋಡುವಿಗೆ ವೈರ್ ಅಂದರೆ ಹಬ್ಬ. ಏನೇ ಫ್ಯಾನಿದ್ದರೂ ನಿಲ್ಲಿಸಿದ ಕಾರಿನಲ್ಲಿ ನಾಯಿ ಬಿಟ್ಟು ಹೋಗುವುದಿಲ್ಲ. ಬೆಳ್ಳೂರು ಕ್ರಾಸಿನಲ್ಲಿ ನಾವು ಸರದಿ ಮೇಲೇ ಕಾಫಿ ಕುಡಿಯುವುದು.

ಈಗ, ಮೊದಲಲ್ಲಿ ವ್ಯತ್ಯಾಸ ಮುಖ್ಯ ಅಂದಿದ್ದೆನಲ್ಲ, ಆ ಮಾತು. ಕೋಡು ಜಿಪ್ ಬಿಚ್ಚುತ್ತಿದ್ದದ್ದು ಆಟಕ್ಕೆ. ನಿಮ್ಮ ನಾಯಿ ಜೊಲ್ಲು ಸುರಿಸಿ, ನಡುಗಿ, ಉಗುರು ಮುರಿಯುವ ಹಾಗೆ ಕೆರೆಯುತ್ತಿದ್ದರೆ ಈ ಬಕಲ್ಲು, ಪಟ್ಟಿ ಯಾವುದನ್ನೂ ಹೊಲಿಯಬೇಡಿ. ಅದಕ್ಕೆ ಬೇಕಾದ್ದು ಅಭ್ಯಾಸ, ಹೊಲಿಗೆ ಅಲ್ಲ. ಹಲ್ಲು ಬರುತ್ತಿರುವ ಮರಿಗೂ ಬಟ್ಟೆ ಕ್ರೇಟ್ ಬೇಡ, ಮೊದಲ ಮಧ್ಯಾಹ್ನವೇ ಕಿಟಕಿ ತಿಂದು ಮುಗಿಸುತ್ತದೆ. ಇನ್ನು ಸೀಟ್ ಬೆಲ್ಟ್ ಪಟ್ಟಿಯನ್ನು ಕ್ರೇಟಿನ ಹಿಡಿಗೆ ತೂರಿಸಿದರೆ ಕ್ರೇಟ್ ಜಾರುವುದು ತಪ್ಪುತ್ತದೆ, ಅಷ್ಟೇ. ಅಪಘಾತದಲ್ಲಿ ಈ ಪೈಪು ಮತ್ತು ಬಟ್ಟೆ ನಾಯಿಯನ್ನು ಕಾಪಾಡುತ್ತೆ ಅಂತ ನಾನಂತೂ ನಂಬಲ್ಲ. ಮುಂದಿನ ಸೀಟಿಗೆ ಇಡುವ ಮಾತೇ ಇಲ್ಲ, ಅಲ್ಲಿ ಏರ್‌ಬ್ಯಾಗ್ ಇದೆ.

ಉಳಿದಿರುವ ತಲೆನೋವು ತಳದ ಹಲಗೆ. ಜೊತೆಗೆ ಬಂದದ್ದು ರಟ್ಟು, ಒಮ್ಮೆ ನೀರು ಚೆಲ್ಲಿದ್ದಕ್ಕೇ ಉಬ್ಬಿತು. 5 ಮಿ.ಮೀ. ಸನ್‌ಪ್ಯಾಕ್ ಶೀಟ್, ಅಂದರೆ ಒಳಗೆ ಟೊಳ್ಳು ಗೆರೆಗಳಿರುವ ಪ್ಲಾಸ್ಟಿಕ್ ಹಾಳೆ, ಎರಡು ಪದರ, ಗೆರೆಗಳು ಅಡ್ಡ ಒಂದು, ಉದ್ದ ಒಂದು ಬರುವಂತೆ ಅಂಟಿಸಿ ನೋಡಬೇಕು. ಮೇಲೆ ಹಾಸಲು ಜೆಸಿ ರಸ್ತೆಯಲ್ಲಿ ಫೋಮ್ ಹೇಳಿ ಬಂದಿದ್ದೇನೆ. "ನಾಳೆ ಕಟ್ ಮಾಡಿ ಇಟ್ಟಿರ್ತೀನಿ ಮೇಡಂ" ಅಂದಿದ್ದರು. ಆ ನಾಳೆ ಇನ್ನೂ ಬಂದಿಲ್ಲ.

ಯಾರಿಗಾದರೂ ಕಪ್ಪು ಪೆಟ್ ಮೆಶ್ ಮೀಟರ್ ಲೆಕ್ಕಕ್ಕೆ ಕೊಡುವ ಅಂಗಡಿ ಬೆಂಗಳೂರಿನಲ್ಲಿ ಗೊತ್ತಿದ್ದರೆ ತಿಳಿಸಿ. "ರೋಲ್ ತಗೊಳ್ಳಿ" ಅನ್ನುವವರ ನಂಬರ್ ಬೇಡ, ಅವು ನನ್ನ ಹತ್ತಿರ ಬೇಕಾದಷ್ಟಿವೆ.