ಪೌಡರ್ ಕೋಟಿಂಗ್ ಗನ್ ಕೊಳ್ಳುವಾಗ ಕೆವಿ ಒಂದನ್ನೇ ನೋಡಬೇಡಿ

ಕಬ್ಬಿಣಕ್ಕೆ ಬಣ್ಣದ ಪುಡಿ ಹೊಡೆಯುವ ಗನ್ ಕೊಳ್ಳೋಕೆ ಹೋದವರು ಮೊದಲು ಕೇಳುವುದೇ "ಎಷ್ಟು ಕೆವಿ?" ಅಂತ, ಅಂದರೆ ಎಷ್ಟು ಕಿಲೋವೋಲ್ಟ್ ಅಂತ. ಮಾರುವವರೂ 100 ಕೆವಿ ಅಂತ ಜೋರಾಗಿ ಹೇಳುತ್ತಾರೆ. ಕೆವಿ ಇರಲಿ ಬಿಡಿ, ಮೈಕ್ರೋಆಂಪ್, ಅಂದರೆ ಕರೆಂಟು, ಬೇರೆಯಾಗಿ ಕಮ್ಮಿ ಮಾಡೋಕೆ ಬರುತ್ತಾ ಅಂತ ಕೇಳಿ. ಬರಲ್ಲ ಅಂದರೆ ಆ ಗನ್ ಬೇಡ.

ಯಾಕೆ ಅಂದರೆ, ಬಳ್ಳಾರಿಯಲ್ಲಿ ನಮ್ಮ ಕೈಗೆ ಬರುವ ಕೆಲಸ ಹೆಚ್ಚಾಗಿ ಗೇಟು, ಕಿಟಕಿ ಗ್ರಿಲ್ಲು, ರ್‍ಯಾಕು, ಪ್ಯಾನೆಲ್ ಬಾಕ್ಸು. ಎಲ್ಲದರಲ್ಲೂ ಮೂಲೆಗಳೇ. ಹೆಚ್ಚು ವೋಲ್ಟೇಜಿನಲ್ಲಿ ಕೆಲಸ ಮಾಡುವ ಕರೋನಾ ಗನ್ನಿನ ತುದಿಯ ಸೂಜಿ ಪೌಡರ್‌ಗೆ ನೆಗೆಟಿವ್ ಚಾರ್ಜ್ ಕೊಡುತ್ತದೆ, ಅದು ಅರ್ಥ್ ಆಗಿರುವ ಕಬ್ಬಿಣಕ್ಕೆ ಹೋಗಿ ಅಂಟುತ್ತದೆ. ಆದರೆ ಮೊದಲು ಹಿಡಿಯುವುದು ಅಂಚನ್ನು. ಒಳಮೂಲೆ ಖಾಲಿ ಉಳಿಯುತ್ತದೆ, ಇದಕ್ಕೇ ಫ್ಯಾರಡೆ ಕೇಜ್ ಅನ್ನುವುದು. ಆಗ ಹುಡುಗರು ಕೆವಿ ಏರಿಸುತ್ತಾರೆ, ಅಂಚು ಇನ್ನೂ ದಪ್ಪ ಆಗುತ್ತೆ, ಮೂಲೆ ಹಾಗೇ ಇರುತ್ತೆ. ಮಾಡಬೇಕಾದ್ದು ತದ್ವಿರುದ್ಧ. ಕೆವಿ ಇಳಿಸಿ, ಕರೆಂಟನ್ನು 10–20 ಮೈಕ್ರೋಆಂಪ್‌ಗೆ ತನ್ನಿ, ಗಾಳಿ ಕಮ್ಮಿ ಮಾಡಿ, ಫ್ಲಾಟ್ ನಾಜಲ್ ಹಾಕಿ ಮೂಲೆಯನ್ನೇ ಮೊದಲು ಹೊಡೆಯಿರಿ. ಒಮ್ಮೆ ಓವನ್ನಿನಲ್ಲಿ ಬೆಂದ ಜಾಬಿನ (ಕೋಟಿಂಗ್ ಮಾಡುವ ವಸ್ತುವಿನ) ಮೇಲೆ ಎರಡನೇ ಕೋಟ್ ಹೊಡೆಯುವಾಗಲೂ ಇದೇ ಸೆಟ್ಟಿಂಗ್.

ಇನ್ನೊಂದು ಬಗೆಯ ಟ್ರೈಬೋ ಗನ್ ಮೂಲೆಗೆ ಚೆನ್ನಾಗಿ ಹೋಗುತ್ತದೆ ನಿಜ. ಆದರೆ ಅದರಲ್ಲಿ ಪೌಡರ್ ಟೆಫ್ಲಾನ್‌ಗೆ ಉಜ್ಜಿಯೇ ಚಾರ್ಜ್ ಆಗಬೇಕು, ಅದಕ್ಕೆ ಹೊಂದುವ ಪೌಡರ್ರೇ ಬೇಕು. ದಿನಕ್ಕೊಂದು ಬಣ್ಣ ಬದಲಾಯಿಸುವ ಜಾಬ್ ವರ್ಕಿಗೆ ನಾನು ಕರೋನಾನೇ ತಗೊಳ್ಳಿ ಅನ್ನುತ್ತೇನೆ. ಸೂಜಿ, ನಾಜಲ್, ವೆಂಚುರಿ ಸ್ಲೀವ್ ಬೇಕಾದಾಗ ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಎಷ್ಟು ದಿನಕ್ಕೆ ಬರುತ್ತೆ ಅಂತ ದುಡ್ಡು ಕೊಡುವ ಮೊದಲೇ ವಿಚಾರಿಸಿ.

ಈ ಸ್ಲೀವ್ ಬಗ್ಗೆ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಪೌಡರ್ ಪಂಪಿನಲ್ಲಿ ಪೌಡರ್ ಹಾದುಹೋಗುವ ಬೆರಳುದ್ದದ ಬಿಳಿ ಕೊಳವೆ ಅಷ್ಟೇ. ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ದುಂಡಗಿದ್ದ ತೂತು ಒಂದು ಕಡೆ ಸವೆದು ಮೊಟ್ಟೆಯಾಕಾರ ಆಗಿದ್ದರೆ ಪೌಡರ್ ಒಂದೇ ಸಮ ಬರುವುದಿಲ್ಲ, ಬಿಟ್ಟು ಬಿಟ್ಟು ಉಗುಳುತ್ತದೆ. ಒಳಗೆ ಪೌಡರ್ ಕರಗಿ ಗಾಜಿನ ಹಾಗೆ ಗಟ್ಟಿಯಾಗಿ ಕೂತಿದ್ದರೆ ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ, ಗೀರು ಬಿದ್ದಲ್ಲೇ ಮತ್ತೆ ಕೂರುತ್ತದೆ. ಮರದ ಕಡ್ಡಿ ಸಾಕು.

ನಮ್ಮ ಬಿಸಿಲಿನದು ಬೇರೆ ಕಾಟ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತೆ, ತಗಡಿನ ಶೆಡ್ಡಿನಲ್ಲಿಟ್ಟ ಪೌಡರ್ ಪೆಟ್ಟಿಗೆಯಲ್ಲೇ ಗಂಟು ಕಟ್ಟುತ್ತೆ. ಅದನ್ನು ತಂಪು ರೂಮಿನಲ್ಲಿಡಿ, ಬೇಕಾದಷ್ಟನ್ನೇ ಗನ್ನಿನ ಪೌಡರ್ ಡಬ್ಬಿಗೆ (ಹಾಪರ್‌ಗೆ) ಸುರಿಯಿರಿ. ಮಳೆಗಾಲದಲ್ಲಿ ಕಂಪ್ರೆಸರ್ ಟ್ಯಾಂಕಿನ ನೀರನ್ನು ಬೆಳಿಗ್ಗೆ ಬೆಳಿಗ್ಗೆ ಬಿಡಲೇಬೇಕು. ಏರ್ ಡ್ರೈಯರ್ ಇದ್ದರೂ ಪೈಪಿನಿಂದ ಬರುವ ಗಾಳಿಗೆ ಒಂದು ಬಿಳಿ ಬಟ್ಟೆ ಹಿಡಿಯಿರಿ. ತೇವ ಅಥವಾ ಎಣ್ಣೆ ಕಲೆ ಕಂಡರೆ ಗನ್ ಮುಟ್ಟಬೇಡಿ, ಮೊದಲು ಫಿಲ್ಟರ್ ನೋಡಿ.

ಇನ್ನು ಅರ್ಥಿಂಗ್. ಪೌಡರ್ ಅಂಟುತ್ತಿಲ್ಲ ಅಂತ ಗನ್ನನ್ನು ಬೈಯುವವರು ಜಾಬ್ ನೇತುಹಾಕುವ ಹುಕ್ಕು ನೋಡಿದರೆ ಹಳೇ ಕೋಟಿಂಗ್ ಪದರ ಪದರವಾಗಿ ಕೂತಿರುತ್ತದೆ. ಜಾಬಿಗೆ ಅರ್ಥ್ ತಲುಪುವುದಾದರೂ ಹೇಗೆ, ಅಲ್ವಾ? ಜಾಬಿನಿಂದ ಅರ್ಥಿಗೆ ರೆಸಿಸ್ಟೆನ್ಸ್ 1 ಮೆಗಾಓಮ್‌ಗಿಂತ ಕಮ್ಮಿ ಇರಬೇಕು. ಜಾಸ್ತಿ ಇದ್ದರೆ ಕಿಡಿ ಹಾರಿ ಬೂತಿನೊಳಗಿನ ಪೌಡರ್ ಹೊತ್ತಿಕೊಳ್ಳಬಹುದು. ಗನ್ ಹಿಡಿಯುವ ಹುಡುಗನಿಗೆ ರಬ್ಬರ್ ಗ್ಲೌಸ್ ಕೊಡಬೇಡಿ, ಅವನೂ ಅರ್ಥ್ ಆಗಲು ಅಂಗೈ ಗನ್ನಿನ ಹಿಡಿಗೆ ನೇರ ತಾಗಬೇಕು. ಇದನ್ನು ಅಳೆಯುವ ಮೆಗ್ಗರ್ ಮೀಟರ್ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಈಸ್ಕೊಂಡು ಬಂದು ಈ ವಾರವೇ ಚೆಕ್ ಮಾಡಿ.